ಒಂದೇ ಸೂರು, ಹಲವು ಒಲೆ

ಬೀದರ ಕೋಟೆಗೆ ಹೋಗುವ ಹಾದಿಯಲ್ಲಿ ಮಹಮೂದ್ ಗಾವಾನನ ಮದರಸಾ ಇದೆ. ಅದರ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. ಈಗ ಉಳಿದಿರುವುದು ಒಂದೇ. ಆಗ್ನೇಯ ಮೂಲೆಯ ಕಟ್ಟಡವೇ ಇಲ್ಲ. ಹಾಳು ಬಿದ್ದ ಕಟ್ಟಡ ಕಂಡಾಗ ಯಾವುದೋ ಯುದ್ಧದ ಪರಿಣಾಮ ಎಂದುಕೊಳ್ಳುವುದು ರೂಢಿ. ಆದರೆ ಮದರಸಾವನ್ನು ಕೆಡವಿದ್ದು ಶತ್ರುವಿನ ಫಿರಂಗಿಯಲ್ಲ. ಒಳಗಿದ್ದವರೇ ತಂದಿಟ್ಟುಕೊಂಡ ಮದ್ದು.

ಹಲವರು ಒಂದೇ ಸೂರಿನಡಿ ಬಾಳುವ ಕಟ್ಟಡಗಳು ಇಂದು ಬೀದರದಂಥ ಜಿಲ್ಲಾ ಕೇಂದ್ರಗಳಲ್ಲೂ ಹೆಚ್ಚುತ್ತಿವೆ. ನೀರಿನ ಟ್ಯಾಂಕಿಗೆ ಜಗಳ, ವಾಹನ ನಿಲ್ಲಿಸುವ ಜಾಗಕ್ಕೆ ಜಗಳ, ಮೇಲಿನ ಮನೆಯ ಸದ್ದಿಗೆ ಜಗಳ. ಇವೆಲ್ಲ ಹೊಸ ಕಾಲದ ತಾಪತ್ರಯಗಳೆಂದು ತೋರಬಹುದು. ನೋಡಿದರೆ, ಇಂಥ ಬಾಳುವೆಗೆ ಬೇಕಾದ ಪಾಠಗಳು ಬೀದರ ಜಿಲ್ಲೆಯ ಇತಿಹಾಸದಲ್ಲಿಯೇ ಇವೆ.

ಓದುವ ಮನೆಯಲ್ಲಿ ಮದ್ದಿನ ಮನೆ

ಮಹಮೂದ್ ಗಾವಾನ ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದವನು. ಬಹಮನಿ ರಾಜ್ಯದ ಪ್ರಧಾನಿಯಾಗಿ ಬೆಳೆದು 1472ರಲ್ಲಿ ಈ ಮದರಸಾ ಕಟ್ಟಿಸಿದ. ಇದು ಬರೀ ಪಾಠಶಾಲೆಯಲ್ಲ, ವಸತಿಶಾಲೆ. ನಡುವೆ ಅಂಗಳ, ಅದರ ಸುತ್ತ ಮೂರು ಅಂತಸ್ತು. ವಿದ್ಯಾರ್ಥಿಗಳಿಗೆ 36 ಕೋಣೆಗಳು, ಅಧ್ಯಾಪಕರಿಗೆ 6 ವಸತಿಗಳು. ಜೊತೆಗೆ ಮಸೀದಿ, ಗ್ರಂಥಾಲಯ, ಉಪನ್ಯಾಸದ ಸಭಾಂಗಣಗಳು. ಗಾಳಿ ಬೆಳಕು ಚೆನ್ನಾಗಿ ಬರುವಂತೆ ಕೋಣೆಗಳ ಜೋಡಣೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಐನೂರು ವರ್ಷಗಳ ಹಿಂದಿನ, ಯೋಜನೆ ಹಾಕಿ ಕಟ್ಟಿದ ಸಾಮೂಹಿಕ ವಸತಿ.

ಕಟ್ಟಿಸಿದವನು 1481ರಲ್ಲಿ ಸುಳ್ಳು ಪತ್ರದ ಸಂಚಿಗೆ ಸಿಕ್ಕಿ, ಸುಲ್ತಾನನ ಆಜ್ಞೆಯಂತೆ ಕೊಲೆಯಾದ. ಬಹಮನಿಗಳು ಹೋಗಿ ಬರೀದಶಾಹಿಗಳು ಬಂದರು, ಆಮೇಲೆ ವಿಜಾಪುರದ ಆದಿಲಶಾಹಿಗಳು. ಕಟ್ಟಡ ಮಾತ್ರ ನಿಂತೇ ಇತ್ತು.

1657ರ ಮಾರ್ಚಿನಲ್ಲಿ ಔರಂಗಜೇಬ ಬೀದರಕ್ಕೆ ಮುತ್ತಿಗೆ ಹಾಕಿದ. ಕೋಟೆಯ ಕಿಲ್ಲೇದಾರ ಸಿದ್ದಿ ಮರ್ಜಾನ್ ವೃದ್ಧನಾದರೂ ಬಗ್ಗಲಿಲ್ಲ. ಕೊನೆಗೆ ಬುರುಜೊಂದರ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ಕಿಡಿ ಬಿದ್ದು ಸ್ಫೋಟವಾಯಿತು. ಮರ್ಜಾನ್ ಮತ್ತು ಅವನ ಇಬ್ಬರು ಮಕ್ಕಳು ತೀವ್ರವಾಗಿ ಸುಟ್ಟುಹೋದರು. ಕೋಟೆ ಮೊಗಲರ ವಶವಾಯಿತು. ಜನ ಓಡಾಡುವ ಕಡೆ ಮದ್ದಿಟ್ಟರೆ ಏನಾಗುತ್ತದೆ ಎಂಬುದನ್ನು ಗೆದ್ದವರು ಕಣ್ಣಾರೆ ಕಂಡಿದ್ದರು.

ಆದರೂ ಸುಮಾರು ನಲವತ್ತು ವರ್ಷಗಳ ಬಳಿಕ ಅದೇ ತಪ್ಪು ಅವರಿಂದಲೇ ನಡೆಯಿತು. ಮೊಗಲ್ ಸೈನಿಕರು ಮದರಸಾದಲ್ಲಿ ಬೀಡುಬಿಟ್ಟರು. ಓದುವ ಕೋಣೆಗಳ ಪಕ್ಕದಲ್ಲಿಯೇ ಮದ್ದಿನ ದಾಸ್ತಾನು. 1695-96ರ ಸುಮಾರಿಗೆ ಸಿಡಿಲು ಬಡಿದು ಮದ್ದು ಸಿಡಿಯಿತು. ಮುಂಭಾಗದ ದೊಡ್ಡ ಪಾಲು ಒಂದು ಮಿನಾರಿನ ಸಮೇತ ನೆಲಕ್ಕುರುಳಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಟ್ಟಡದಲ್ಲಿ ದೋಷವಿರಲಿಲ್ಲ. ಎರಡು ಶತಮಾನಕ್ಕೂ ಹೆಚ್ಚು ಕಾಲ ಮಳೆ ಗಾಳಿ ತಡೆದು ನಿಂತ ಕಟ್ಟಡವದು. ಬದಲಾದದ್ದು ಅದರ ಬಳಕೆ. ವಾಸಕ್ಕೆ ಕಟ್ಟಿದ್ದನ್ನು ಉಗ್ರಾಣ ಮಾಡಿದಾಗ ಅಪಾಯ ಒಳಗೆ ಬಂತು. ಬೇಡ ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ.

ಅದೇ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣಕ್ಕೂ ಇಂಥದೇ ಪೆಟ್ಟು ಬಿತ್ತು. 1654ರಲ್ಲಿ ಊರಿನೊಳಗಿದ್ದ ಮದ್ದಿನ ಉಗ್ರಾಣ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಬೀದಿಗಳೇ ಅಳಿಸಿಹೋದವು. ಆ ಬಳಿಕ ಹೊಸ ಉಗ್ರಾಣವನ್ನು ಊರ ಹೊರಗೆ ಕಟ್ಟಿದರು. ಅಪಾಯಕಾರಿ ವಸ್ತು ವಸತಿಯಿಂದ ದೂರವಿರಬೇಕೆಂಬ ನಿಯಮ ಹೀಗೆ ಸಾವುಗಳಿಂದಲೇ ಹುಟ್ಟಿದ್ದು.

ಇಂದು ಯಾರೂ ಮನೆಯಲ್ಲಿ ಮದ್ದು ಕೂಡಿಡುವುದಿಲ್ಲ ನಿಜ. ಅದರ ಜಾಗದಲ್ಲಿ ಹೆಚ್ಚುವರಿ ಗ್ಯಾಸ್ ಸಿಲಿಂಡರುಗಳಿವೆ, ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಾಗುವ ಬ್ಯಾಟರಿ ಸ್ಕೂಟರುಗಳಿವೆ, ನೆಲಮಾಳಿಗೆಯ ಗೋದಾಮಿನಲ್ಲಿ ಬಣ್ಣ, ಥಿನ್ನರ್ ಡಬ್ಬಿಗಳಿವೆ. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ವಸತಿ ಕಟ್ಟಡದಲ್ಲಿ 1968ರ ಮೇ 16ರ ಬೆಳಿಗ್ಗೆ 18ನೆಯ ಅಂತಸ್ತಿನ ನಿವಾಸಿಯೊಬ್ಬರು ಒಲೆ ಹೊತ್ತಿಸಲು ಕಡ್ಡಿ ಗೀರಿದರು. ಸೋರಿದ್ದ ಅನಿಲ ಸಿಡಿದು ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು, ನಾಲ್ವರು ಸತ್ತರು. ಕಡ್ಡಿ ಗೀರಿದವರು ಬದುಕುಳಿದರು. ಹಂಚಿಕೊಂಡ ಕಟ್ಟಡದಲ್ಲಿ ಒಂದು ಒಲೆಯ ಅಪಾಯ ಒಂದೇ ಮನೆಗೆ ಸೇರಿದ್ದಲ್ಲ.

ಕಲ್ಯಾಣದಲ್ಲಿ ಬರೆದ ನ್ಯಾಯ

ಅಪಾಯದ ಮಾತು ಹೀಗಾದರೆ, ಜಗಳದ ಮಾತಿಗೆ ಬೀದರ ಜಿಲ್ಲೆಯ ಇನ್ನೊಂದು ಊರಿಗೆ ಹೋಗಬೇಕು. ಬಸವಕಲ್ಯಾಣ ಆಗ ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಇದೇ ಆಧಾರವಾಯಿತು.

ಪಾಲು ಪಾರೀಖತ್ತಿನ ಗ್ರಂಥವೆಂದೇ ಇದರ ಪ್ರಸಿದ್ಧಿ. ಆದರೆ ಇದರಲ್ಲಿ ಎಲ್ಲೆಯ ವಿವಾದಗಳಿಗೂ ಒಂದು ಪ್ರಕರಣವಿದೆ. ಹೊಲದ ಬದುವಿಗಷ್ಟೇ ಅಲ್ಲ, ತೋಟ, ಬಾವಿ ಕೆರೆ, ಮನೆ, ಮಳೆನೀರು ಹರಿಯುವ ದಾರಿ ಇವುಗಳ ತಂಟೆಗೂ ಅದೇ ಕ್ರಮ ಅನ್ವಯ. ಆ ಕ್ರಮವೇನು? ಮೊದಲು ಕೇಳಬೇಕಾದದ್ದು ಅಕ್ಕಪಕ್ಕದವರನ್ನು ಮತ್ತು ಹಳಬರನ್ನು. ಸ್ಮೃತಿ ಇವರನ್ನು ‘ಸಾಮಂತರು’ ಎನ್ನುತ್ತದೆ. ಇಲ್ಲಿ ಆ ಪದಕ್ಕೆ ನೆರೆಯವರು ಎಂದರ್ಥ. ನೆರೆಯವರು ಸುಳ್ಳು ಹೇಳಿದರೆ ಅವರಿಗೂ ದಂಡ. ತಿಳಿದವರೂ ಇಲ್ಲ, ಗುರುತೂ ಇಲ್ಲ ಎಂದಾಗ ಮಾತ್ರ ಅರಸ ತಾನೇ ಎಲ್ಲೆ ಹಾಕಿಕೊಡಬೇಕು.

ಈ ಅನುಕ್ರಮದಲ್ಲಿ ವಿವೇಕವಿದೆ. ನೆರೆಯವರು ಮೊದಲು, ಅರಸ ಕೊನೆಗೆ. ನಮ್ಮ ಕಾಲದಲ್ಲಿ ಇದು ತಿರುವುಮುರುವಾಗಿದೆ. ಮಹಡಿಯ ನೀರು ಸೋರಿದರೆ ಮೇಲಿನ ಮನೆಯವರ ಬಾಗಿಲು ತಟ್ಟುವ ಮುನ್ನವೇ ಠಾಣೆಯ ಮೆಟ್ಟಿಲು ಹತ್ತುವವರಿದ್ದಾರೆ. ಜಗಳ ಒಮ್ಮೆ ಠಾಣೆಗೆ ಹೋದ ಮೇಲೆ ಸೋರಿಕೆ ನಿಂತರೂ ಮಾತು ಕೂಡುವುದು ಕಷ್ಟ.

ಕಾಯ್ದೆ ಹೇಳುವುದೇನು?

ರಾಜ್ಯದಲ್ಲಿ ಅಪಾರ್ಟ್‌ಮೆಂಟ್ ಒಡೆತನಕ್ಕೆ 1972ರ ಕಾಯ್ದೆ ಇದೆ. ಅದರ ಪ್ರಕಾರ ಮನೆಯೊಂದೇ ಸ್ವಂತದ್ದು. ಭೂಮಿ, ಅಡಿಪಾಯ, ಕಂಬ, ಚಾವಣಿ, ಮೆಟ್ಟಿಲು, ಲಿಫ್ಟ್ ಇವು ಎಲ್ಲರ ಅವಿಭಜಿತ ಸ್ವತ್ತು; ತನ್ನ ಪಾಲು ಬೇರೆ ಮಾಡಿಕೊಡಿ ಎಂದು ಯಾರೂ ಕೇಳುವಂತಿಲ್ಲ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಉಳಿದವರ ಒಪ್ಪಿಗೆಯಿಲ್ಲದೆ ಮಾಡಬಾರದೆಂದೂ ಅದರಲ್ಲಿದೆ. ಮದರಸಾದಲ್ಲಿ ಇಲ್ಲದಿದ್ದ, ‘ಬೇಡ’ ಎನ್ನುವ ಅಧಿಕಾರ ಇದೇ. ಆದರೆ ನಿವಾಸಿಗಳು ಘೋಷಣಾಪತ್ರ ಬರೆದು ನೋಂದಾಯಿಸಿ, ಉಪವಿಧಿ ಮಾಡಿಕೊಂಡು, ಸಂಘ ಕಟ್ಟಿಕೊಂಡಾಗಲೇ ಈ ಕಾಯ್ದೆಗೆ ಜೀವ ಬರುವುದು. ಅದಿಲ್ಲದಿದ್ದರೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಬಳಕೆಯ ಮೇಲೆ ಕಣ್ಣಿಡದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಬಹುಮಹಡಿ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. ಮೇಲೆ ಕಟ್ಟುವ ಕೆಲಸ ಮುಗಿದಿರಲಿಲ್ಲ. ಕೆಳಗೆ ಆಗಲೇ ಅಂಗಡಿಗಳು ನಡೆಯುತ್ತಿದ್ದವು.

ನೌಬಾದದ ನೆಲದಡಿ

ಮೂರನೆಯ ಪಾಠ ಬೀದರ ನಗರದ ಅಂಚಿನ ನೌಬಾದದ್ದು. ಇಲ್ಲಿ ನೆಲದೊಳಗೆ ಬಹಮನಿ ಕಾಲದ ಕರೇಜ್ ಇದೆ. ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಸುಮಾರು 3 ಕಿ.ಮೀ. ಉದ್ದದ ಸುರಂಗ, ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಬಾವಿಯಂಥ ಕಿಂಡಿಗಳು. ತಾಯಿಬಾವಿಯ ನೀರು ಪಂಪಿನ ನೆರವಿಲ್ಲದೆ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಕಿಂಡಿಗಳಿರುವುದು ಗಾಳಿ ಬೆಳಕಿಗೆ, ಹೂಳೆತ್ತುವುದಕ್ಕೆ. ಈ ವಿದ್ಯೆ ಬಂದದ್ದು ಗಾವಾನ ಬಂದ ಇರಾನಿನಿಂದಲೇ. ಅಲ್ಲಿ ನೀರನ್ನು ಸರದಿಯಂತೆ ಹಂಚಲು ‘ಮೀರಾಬ್’ ಎಂಬ ಮೇಲ್ವಿಚಾರಕನಿರುತ್ತಿದ್ದ.

ಸುರಂಗ ಎಲ್ಲರದು, ಕಿಂಡಿಗಳು ಮಾತ್ರ ಬೇರೆ ಬೇರೆ ಕಡೆ ತೆರೆಯುತ್ತವೆ. ಒಂದು ಕಿಂಡಿಗೆ ಕಸ ಸುರಿದರೆ ಒಣಗುವುದು ಸುರಿದವನ ಜಾಗವಲ್ಲ, ಅದರ ಕೆಳಗಿನ ದಾರಿಯೆಲ್ಲ. ಅಪಾರ್ಟ್‌ಮೆಂಟಿನ ಒಳಚರಂಡಿ ಕೊಳವೆಯ ಕಥೆಯೂ ಇದೇ ತಾನೆ? ನೋಡಿಕೊಳ್ಳುವವರಿಲ್ಲದೆ ಕರೇಜ್ ಹೂಳು ತುಂಬಿ ಜನರ ನೆನಪಿನಿಂದಲೇ ಮರೆಯಾಗಿತ್ತು. 2015ರ ಸುಮಾರಿಗೆ ಹೂಳೆತ್ತುವ ಕೆಲಸ ನಡೆದಾಗ ಕಿಂಡಿಗಳು ಮತ್ತೆ ಬೆಳಕು ಕಂಡವು.

ಎಲ್ಲೆ ಎಲ್ಲಿ, ಬಳಕೆ ಏನು, ನಿಗಾ ಯಾರದು? ಹಂಚಿಕೊಂಡ ಯಾವುದೇ ಕಟ್ಟಡದ ಮುಂದಿರುವ ಪ್ರಶ್ನೆಗಳು ಈ ಮೂರೇ. ಕಲ್ಯಾಣದ ಗ್ರಂಥ ಮೊದಲನೆಯದಕ್ಕೆ, ಮದರಸಾ ಎರಡನೆಯದಕ್ಕೆ, ನೌಬಾದ ಮೂರನೆಯದಕ್ಕೆ ಸಾಕ್ಷಿ. ಉತ್ತರಗಳನ್ನು ಜಗಳ ಹುಟ್ಟಿದ ಮೇಲೆ ಹುಡುಕಿದರೆ ಪ್ರತಿಯೊಬ್ಬರಿಗೂ ತಮ್ಮ ಪಾಲೇ ಕಾಣುತ್ತದೆ. ಮನೆಯ ಕೀಲಿಕೈ ಪಡೆಯುವ ದಿನವೇ ನಿವಾಸಿಗಳು ಒಟ್ಟಿಗೆ ಕುಳಿತು, ಮೆಟ್ಟಿಲಲ್ಲಿ ಏನಿಡಬಾರದು, ಟ್ಯಾಂಕು ಯಾವಾಗ ತೊಳೆಯಬೇಕು, ತಕರಾರು ಬಂದರೆ ಮೊದಲು ಯಾರನ್ನು ಕೇಳಬೇಕು ಎಂಬುದನ್ನು ಬರೆದಿಟ್ಟುಕೊಂಡರೆ ಅದಕ್ಕೆ ತಗಲುವುದು ಒಂದು ಸಂಜೆ ಮಾತ್ರ.