ಐಸ್ ಪೆಟ್ಟಿಗೆಯಲ್ಲಿ ಬಾರ್ಲಿಯ ಗಂಜಿ

ನಾನು ಮದ್ಯ ಮುಟ್ಟಿದವನಲ್ಲ. ಆದರೂ ಈ ಬರಹ ಬಿಯರ್ ತಯಾರಿಸುವ ಮನೆಯ ಪಾತ್ರೆಗಳನ್ನು ಕುರಿತದ್ದು. ಮೂರು ದಶಕ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಿಗೆ ಪಾತ್ರೆ, ಶಾಖ, ಸೋಸುವಿಕೆ ಎಂದರೆ ಕುತೂಹಲ ಬಿಡುವುದಿಲ್ಲ, ಓದುಗರು ಮನ್ನಿಸಬೇಕು.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನೆರೆಮನೆಯ ಯಜಮಾನರು ಯಂತ್ರದ ಕೆಲಸದಿಂದ ನಿವೃತ್ತರಾದವರು. ಒಂದು ಶನಿವಾರ ನನ್ನನ್ನು ತಮ್ಮ ಕಾರಿನ ಷೆಡ್ಡಿಗೆ ಕರೆದೊಯ್ದರು. ಅಲ್ಲೊಂದು ನೀಲಿ ಬಣ್ಣದ ಐಸ್ ಪೆಟ್ಟಿಗೆಯಿತ್ತು, ಪ್ರವಾಸಕ್ಕೆ ತಂಪು ಪಾನೀಯ ಒಯ್ಯುವಂಥದು. ಅದರ ತಳದಲ್ಲಿ ಗರಗಸದಿಂದ ಸಾಲಾಗಿ ಸೀಳು ಕೊಯ್ದ ತಾಮ್ರದ ಕೊಳವೆ. ಕೊಳವೆಯ ತುದಿ ಹೊರಗಿನ ನಲ್ಲಿಗೆ ಸೇರಿತ್ತು. ತರಿಯಾಗಿ ಒಡೆದ ಬಾರ್ಲಿ ಮಾಲ್ಟನ್ನು ಪೆಟ್ಟಿಗೆಗೆ ಸುರಿದು, ಬಿಸಿನೀರು ಬೆರೆಸಿ ಕಲಸಿದರು. ಉಷ್ಣಮಾಪಕ 67 ಡಿಗ್ರಿ ತೋರಿಸಿತು. ಮುಚ್ಚಳ ಹಾಕಿದರು. ಗಂಟೆಯ ಬಳಿಕ ತೆರೆದಾಗ 66! ತಂಪನ್ನು ಕಾಯಲೆಂದು ಮಾಡಿದ ಪೆಟ್ಟಿಗೆ ಬಿಸಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಶಾಖದ ಪಾಠದಲ್ಲಿ ಪ್ರತಿವರ್ಷ ಥರ್ಮಾಸ್ ಫ್ಲಾಸ್ಕಿನ ಚಿತ್ರ ಬರೆಸುತ್ತಿದ್ದ ನನಗೆ ಈ ಉದಾಹರಣೆ ಹೊಳೆದಿರಲಿಲ್ಲ.

ನಲ್ಲಿ ತಿರುಗಿಸಿದಾಗ ಮೊದಲು ಬಂದದ್ದು ಕದಡಿದ ನೀರು. ಅದನ್ನು ಮತ್ತೆ ಮೇಲಿನಿಂದಲೇ ಮೆಲ್ಲಗೆ ಸುರಿದರು. ಕಾಳಿನ ಹೊಟ್ಟು ತಳದಲ್ಲಿ ಹಾಸಿಗೆಯಂತೆ ಕೂತು ತಾನೇ ಜರಡಿಯಾಯಿತು. ಆಮೇಲೆ ಬಂದದ್ದು ಜೇನುಬಣ್ಣದ ತಿಳಿ. ಒಂದು ಚಮಚ ನಾಲಿಗೆಗೆ ಹಚ್ಚಿಕೊಂಡೆ (ಅದಿನ್ನೂ ಹುಳಿಯದ ಸಿಹಿನೀರು, ವ್ರತಭಂಗವಾಗಲಿಲ್ಲ). ನಮ್ಮ ತಾಯಿ ಮಾಡುತ್ತಿದ್ದ ರಾಗಿ ಸರಿಯ ನೆನಪಾಯಿತು. ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ ಕೂಸುಗಳಿಗೆ ಕುಡಿಸುವ ಗಂಜಿ ಅದು. ಕಾಳು ಮೊಳೆಯುವಾಗ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತದೆ. ಮಾಲ್ಟಿನಿಂದ ಈ ವಸ್ತುವನ್ನು 1833ರಲ್ಲಿ ಬೇರ್ಪಡಿಸಿದವರು ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ. ಸುಮಾರು 60ರಿಂದ 70 ಡಿಗ್ರಿಯ ನಡುವೆ ಅದು ಚುರುಕು. ಅದಕ್ಕಿಂತ ಬಹಳ ಬಿಸಿಯಾದರೆ ಕೆಟ್ಟುಹೋಗುತ್ತದೆ. ಹದವಾದ ಶಾಖವನ್ನು ಒಂದು ಗಂಟೆ ಹಿಡಿದಿಡುವುದು, ಬಳಿಕ ಹೊಟ್ಟಿನಿಂದ ತಿಳಿಯನ್ನು ಬಸಿಯುವುದು. ಈ ಪಾತ್ರೆಯಿಂದ ಬೇಕಾದುದು ಇವೆರಡೇ.

ಹಿಂದಿನವರು ಇದನ್ನು ಹೇಗೆ ಸಾಧಿಸಿದರು? ಫಿನ್‌ಲೆಂಡಿನ ಹಳ್ಳಿಗರು ಮರದ ದಿಮ್ಮಿಯನ್ನು ದೋಣಿಯಂತೆ ಕೊರೆದು 'ಕೂರ್ನಾ' ಎಂಬ ತೊಟ್ಟಿ ಮಾಡಿಕೊಂಡರು. ತಳದಲ್ಲಿ ಹುಲ್ಲು ಹಾಗೂ ಜ್ಯೂನಿಪರ್ ಗಿಡದ ರೆಂಬೆ ಹಾಸಿ, ಅದರ ಮೇಲೆ ಗಂಜಿ ಸುರಿದು ಬಸಿಯುತ್ತಿದ್ದರು. ಅಲ್ಲಿನ 'ಸಾಹ್ತಿ' ಎಂಬ ಬಿಯರಿಗೆ 2002ರಲ್ಲಿ ಐರೋಪ್ಯ ಒಕ್ಕೂಟದ ಸಾಂಪ್ರದಾಯಿಕ ಉತ್ಪನ್ನವೆಂಬ ಮಾನ್ಯತೆಯೂ ದೊರಕಿತು. ಉಷ್ಣಮಾಪಕವಿಲ್ಲದ ಇಂಗ್ಲೆಂಡಿನಲ್ಲಿ ಕುದಿದ ನೀರು ಆರುತ್ತ ಬಂದು, ಹಬೆ ತಿಳಿಯಾಗಿ ಅದರಲ್ಲಿ ಮುಖ ಕಂಡಾಗ ಹದವಾಯಿತೆಂದು ತಿಳಿಯುತ್ತಿದ್ದರು. 1760ರ ದಶಕದಲ್ಲಿ ಆಲ್ಟನ್ ಎಂಬ ಊರಿನ ಜೇಮ್ಸ್ ಬೇವರ್‌ಸ್ಟಾಕ್ ಎಂಬ ತರುಣನು ಉಷ್ಣಮಾಪಕವನ್ನು ತಂದೆಯ ಕಣ್ಣು ತಪ್ಪಿಸಿ ಬಳಸಬೇಕಾಯಿತು. ತಂದೆಗೆ ಅಂಥ ನವೀನತೆಗಳು ಸರಿಬರುತ್ತಿರಲಿಲ್ಲ. ನನ್ನ ತರಗತಿಯಲ್ಲಿ ಈ ಕಥೆ ಹೇಳಿದ್ದರೆ ಹುಡುಗರು ಕೈತಟ್ಟುತ್ತಿದ್ದರೇನೋ.

ಪಾತ್ರೆ ಸುಲಭ, ಕಾನೂನು ಕಠಿಣ. 1880ರಲ್ಲಿ ಗ್ಲಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆ ಹಾಕಿದಾಗ ಆ ಕಾಯಿದೆಯನ್ನು ಜನ 'ಮುಕ್ತ ಮ್ಯಾಶ್ ತೊಟ್ಟಿಯ ಕಾಯಿದೆ' ಎಂದರು. ಕಾರ್ಖಾನೆಯವರು ತೊಟ್ಟಿಗೆ ಬೇಕಾದ ಧಾನ್ಯ ಹಾಕಲು ಮುಕ್ತರಾದರು, ನಿಜ. ಆದರೆ ಮನೆಯಲ್ಲಿ ತಯಾರಿಸುವವರಿಗೆ ಪರವಾನಗಿಯ ನಿಯಮ ಬಂತು. 1963ರಲ್ಲಿ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕುವ ಹೊತ್ತಿಗೆ ಮನೆಯ ತೊಟ್ಟಿಗಳು ಬಹುತೇಕ ಅಟ್ಟ ಸೇರಿದ್ದವು.

ಅಮೆರಿಕದ ಕಥೆ ಇನ್ನೂ ವಿಚಿತ್ರ. 1920ರಿಂದ 1933ರವರೆಗೆ ಅಲ್ಲಿ ಪಾನನಿರೋಧವಿತ್ತು. ಆ ಕಾಲದಲ್ಲಿ ಅಂಗಡಿಯಿಂದ ಮಾಲ್ಟಿನ ಪಾಕದ ಡಬ್ಬಿ ತಂದು ಕದ್ದು ಬಿಯರ್ ಮಾಡಿದವರು ಅಸಂಖ್ಯ. ಪಾಕ ಸಿಕ್ಕ ಮೇಲೆ ಕಾಳು ಒಡೆದು ಬಸಿಯುವ ಶ್ರಮವೇಕೆ? ನಿರೋಧವು ಕುಡಿತವನ್ನು ನಿಲ್ಲಿಸಲಿಲ್ಲ, ಕಸುಬನ್ನು ಮಾತ್ರ ಮರೆಸಿತು ಎಂದೇ ನನ್ನ ಅಭಿಪ್ರಾಯ. ನಿರೋಧ ರದ್ದಾದ ಮೇಲೆ ಮನೆಯಲ್ಲಿ ದ್ರಾಕ್ಷಾರಸ ಮಾಡಲು ಅವಕಾಶ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯಿಂದ ಆ ಅನ್ಯಾಯ ಸರಿಯಾಯಿತು. ರಾಜ್ಯಗಳ ಕಾನೂನು ಬೇರೆ. ಮಿಸಿಸಿಪ್ಪಿ, ಅಲಬಾಮಾಗಳು ಒಪ್ಪಿದ್ದು 2013ರಲ್ಲಿ.

ಮರೆತ ಕಸುಬನ್ನು ಮತ್ತೆ ಕಲಿಸಿದವರಲ್ಲಿ ಒಬ್ಬರು ಶಾಲಾ ಶಿಕ್ಷಕರೆಂದು ತಿಳಿದಾಗ ನನಗೆ ತುಸು ಹೆಮ್ಮೆಯಾಯಿತು. ಕೊಲರಾಡೊದ ಬೋಲ್ಡರ್ ಪಟ್ಟಣದ ಚಾರ್ಲಿ ಪಪೇಜಿಯನ್ ಪರಮಾಣು ಎಂಜಿನಿಯರಿಂಗ್ ಓದಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಕಾಯಿದೆ ಬರುವ ಮೊದಲೇ ಮನೆಬಿಯರಿನ ತರಗತಿ ನಡೆಸುತ್ತಿದ್ದರು. 1984ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಹೇಳಿದ ಸೋಸುವ ಪಾತ್ರೆ ಎಂದರೆ ಎರಡು ಪ್ಲಾಸ್ಟಿಕ್ ಬಕೆಟ್ಟು: ಒಂದರ ತಳಕ್ಕೆ ನೂರಾರು ಸಣ್ಣ ತೂತು ಕೊರೆದು ಇನ್ನೊಂದರೊಳಗೆ ಇಳಿಸುವುದು, ಅಷ್ಟೆ. ನಮ್ಮ ಇಡ್ಲಿ ಪಾತ್ರೆಗಿಂತ ಸರಳ.

ನೆರೆಯವರಿಗೆ ರಾಗಿಯ ವಿಷಯ ಹೇಳಿದೆ. ತಮ್ಮ ಪೆಟ್ಟಿಗೆಯಲ್ಲಿ ಅದನ್ನು ಬಸಿಯಬಹುದೇ ಎಂದು ಕೇಳಿದರು. ಕಾಳು ಬಲು ಸಣ್ಣದು, ಬಾರ್ಲಿಯಂತೆ ಹೊಟ್ಟಿಲ್ಲ, ಕೊಳವೆಯ ಸೀಳು ಕಟ್ಟಿಕೊಂಡೀತು ಎಂದೆ. ಅವರು ನಕ್ಕು ಕಪಾಟಿನಿಂದ ಒಂದು ಚೀಲ ಇಳಿಸಿದರು. ಗಂಜಿ ಕಟ್ಟಿಕೊಳ್ಳದಂತೆ ಬೆರೆಸುವ ವಸ್ತುವಂತೆ, ಡಾಲರ್ ಕೊಟ್ಟು ತಂದದ್ದು. ಬಾಯಿ ಬಿಚ್ಚಿ ನೋಡಿದರೆ ಭತ್ತದ ಹೊಟ್ಟು! ನಮ್ಮೂರ ಇಟ್ಟಿಗೆ ಗೂಡಿನವರು ಗಾಡಿಗಟ್ಟಲೆ ಸುಡುವುದು ಇದನ್ನೇ ಎಂದಾಗ ಅವರು ನಂಬಲಿಲ್ಲ.