ಶಾಲೆಯ ವ್ಯಾಯಾಮ ಕೊಠಡಿಗೆ ಹಣ ಹೊಂದಿಸುವ ದಾರಿಗಳು: ಬೇಗೂರು ಭಾಗದವರಿಗೊಂದು ಮಾಹಿತಿ



ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಮೈಸೂರು-ಊಟಿ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ಮಕ್ಕಳು ಹೈಸ್ಕೂಲಿಗೆ ಇಂಥ ಊರುಗಳಿಗೇ ಬರುತ್ತಾರೆ. ಕಬಡ್ಡಿ, ಖೋಖೋ, ಓಟಗಳಲ್ಲಿ ಹೋಬಳಿ ಮಟ್ಟದಲ್ಲಿ ಗೆದ್ದ ಮಕ್ಕಳು ಜಿಲ್ಲಾ ಮಟ್ಟಕ್ಕೆ ಹೋದಾಗ ದಣಿದು ಹಿಂದೆ ಬೀಳುವುದು ಚುರುಕು ಸಾಲದೆ ಅಲ್ಲ, ಮೈ ಹುರಿಗೊಳಿಸಲು ಒಂದು ಕೊಠಡಿ, ನಾಲ್ಕು ಸಲಕರಣೆ ಇಲ್ಲದೆ. ಹುಡುಗರಾದರೆ ಪೇಟೆಯ ಜಿಮ್ಮಿಗೆ ದುಡ್ಡು ಕೊಟ್ಟಾದರೂ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಶಾಲೆಯ ಒಳಗೇ ಇದ್ದರೆ ಮಾತ್ರ ದಕ್ಕುವುದು.

ಹಣ ಹುಡುಕುವ ಮೊದಲು ಶಾಲೆ ಯಾರದ್ದು ಎಂಬುದನ್ನು ನೋಡಬೇಕು. ಸರ್ಕಾರಿ ಶಾಲೆಗೆ ಒಂದು ದಾರಿ, ಟ್ರಸ್ಟಿನ ಶಾಲೆಗೆ ಇನ್ನೊಂದು. ಚಾಮರಾಜನಗರ ಜಿಲ್ಲೆಯಲ್ಲಿ ಮಲೆಯೂರಿನ ಕನಕಗಿರಿಯಂಥ ಪುರಾತನ ಕ್ಷೇತ್ರವಿದ್ದರೂ ನಮ್ಮ ಮನೆಗಳು ಕಡಿಮೆ. ಆದ್ದರಿಂದ ಇಲ್ಲಿ ಹೆಚ್ಚಾಗಿ ಸರ್ಕಾರಿ ಶಾಲೆಯ ಮಾತೇ ಬರುತ್ತದೆ. ನಮ್ಮ ಮಕ್ಕಳೇ ಓದದ ಶಾಲೆಗೆ ನಾವೇಕೆ ಕೊಡಬೇಕು ಎಂದು ಕೇಳುವವರಿದ್ದಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಜಾತಿ ನೋಡಿ ಕೊಡು ಎಂದು ಎಲ್ಲಿಯೂ ಹೇಳಿಲ್ಲ. ಭರತ-ಬಾಹುಬಲಿಯರ ಮಲ್ಲಯುದ್ಧದ ಕಥೆ ಹೇಳುವ ನಾವು ಗರಡಿಯನ್ನು ಧರ್ಮಕ್ಕೆ ಹೊರತು ಎನ್ನಲೂ ಆಗದು.

ಸರ್ಕಾರಿ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅವಕಾಶವಿದೆ. ಚೆಂಡು, ಬಲೆ, ಹಗ್ಗಕ್ಕೆ ಇದು ಸಾಕು, ಕಟ್ಟಡಕ್ಕೆ ಸಾಲದು.

ಕಟ್ಟಡಕ್ಕೆ ಹತ್ತಿರದ ಬಾಗಿಲು ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ವರ್ಷಕ್ಕೆ 2 ಕೋಟಿ ರೂಪಾಯಿ. ವಿಧಾನ ಪರಿಷತ್ ಸದಸ್ಯರಿಗೂ ಅಷ್ಟೇ ಇರುತ್ತದೆ, ಅವರನ್ನು ಕೇಳುವುದನ್ನು ನಮ್ಮವರು ಮರೆಯುತ್ತಾರೆ. ಸಂಸದರ ನಿಧಿ 1993ರಲ್ಲಿ ಶುರುವಾದದ್ದು, ಈಗ ವರ್ಷಕ್ಕೆ 5 ಕೋಟಿ. ಗುಂಡ್ಲುಪೇಟೆ ಕ್ಷೇತ್ರವು ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಎಂಟು ವಿಧಾನಸಭಾ ಕ್ಷೇತ್ರಗಳ ಬೇಡಿಕೆ ಅದೇ 5 ಕೋಟಿಯ ಮೇಲೆ ಬೀಳುವುದರಿಂದ ಆರ್ಥಿಕ ವರ್ಷದ ಆರಂಭದಲ್ಲೇ, ಏಪ್ರಿಲ್-ಮೇ ತಿಂಗಳಲ್ಲಿ ಅರ್ಜಿ ಕೊಟ್ಟವರಿಗೆ ಆಸೆ ಹೆಚ್ಚು. ಸಂಸದರು ಶಿಫಾರಸು ಮಾಡುತ್ತಾರೆ ಅಷ್ಟೆ, ಮಂಜೂರಾತಿ ಜಿಲ್ಲಾಡಳಿತದ್ದು. ಕೆಲಸ ಮಾಡುವುದು ನಿರ್ಮಿತಿ ಕೇಂದ್ರವೋ, ಹಿರಿಯರು ಇಂದಿಗೂ ಲ್ಯಾಂಡ್ ಆರ್ಮಿ ಎಂದೇ ಕರೆಯುವ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮವೋ ಆಗಿರುತ್ತದೆ. ಹಣ ನಮ್ಮ ಕೈಗೆ ಬರುತ್ತದೆ, ನಮ್ಮ ಮೇಸ್ತ್ರಿಯ ಕೈಲಿ ಕಟ್ಟಿಸೋಣ ಎಂದು ಲೆಕ್ಕ ಹಾಕಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಧಾರ್ಮಿಕ ಸ್ಥಳಕ್ಕೆ ಸಂಸದರ ನಿಧಿ ಬಳಸುವಂತಿಲ್ಲ. ಅನೇಕ ಊರುಗಳಲ್ಲಿ ಬಸದಿಯ ಟ್ರಸ್ಟೇ ಶಾಲೆಯನ್ನೂ ನಡೆಸುತ್ತದೆ. ಜಾಗದ ಖಾತೆ ಬಸದಿಯ ಹೆಸರಿನಲ್ಲಿದ್ದು, ಅದೇ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಹೋದರೆ ಕಡತ ಅಲ್ಲೇ ನಿಲ್ಲುತ್ತದೆ. ಶಾಲೆಗೆ ಪ್ರತ್ಯೇಕ ವಿದ್ಯಾಸಂಸ್ಥೆ ನೋಂದಾಯಿಸಿ, ಜಾಗದ ದಾಖಲೆ ಬೇರೆ ಮಾಡಿಸುವುದು ಲೇಸು. ನೋಂದಣಿಯಾಗಿ ಮೂರು ವರ್ಷ ಆಗಿರಬೇಕೆಂದು ಕೇಳುತ್ತಾರೆ, ಹಾಗಾಗಿ ಈ ಕೆಲಸವನ್ನು ಮುಂದೂಡಿದಷ್ಟೂ ನಷ್ಟ.

ಜೈನರಿಗೆ 2014ರ ಜನವರಿಯಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ಸಿಕ್ಕ ಮೇಲೆ ಎಲ್ಲಕ್ಕೂ ಅನುದಾನ ಇದೆ ಎಂಬ ಭಾವನೆ ಹರಡಿದೆ. ಖಾಸಗಿ ಅಲ್ಪಸಂಖ್ಯಾತ ಶಾಲೆಗಳ ಕಟ್ಟಡಕ್ಕೆ ವೆಚ್ಚದ ಶೇ 75ರಷ್ಟು, ಗರಿಷ್ಠ 50 ಲಕ್ಷ ಕೊಡುತ್ತಿದ್ದ ಕೇಂದ್ರದ ಯೋಜನೆಯನ್ನು ಇಂದಿಗೂ ಕೇಳುತ್ತಿರುತ್ತಾರೆ. ಅದು 2022ರ ಮಾರ್ಚ್‌ಗೆ ಮುಗಿದಿದೆ. ಹೆಸರು ಹೇಳಿಕೊಂಡು ಬರುವ ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಪ್ರಧಾನಮಂತ್ರಿ ಜನವಿಕಾಸ ಕಾರ್ಯಕ್ರಮದಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಕ್ರೀಡಾ ಸೌಲಭ್ಯ ಎಲ್ಲಕ್ಕೂ ಜಾಗವಿದೆ. ಆದರೆ ಸುತ್ತಲಿನ 15 ಕಿಲೋಮೀಟರ್ ವ್ಯಾಪ್ತಿಯ ಜನಸಂಖ್ಯೆಯಲ್ಲಿ ಎಲ್ಲ ಅಲ್ಪಸಂಖ್ಯಾತರೂ ಸೇರಿ ಶೇ 25ಕ್ಕಿಂತ ಹೆಚ್ಚಿರಬೇಕು. ಬೇಗೂರಿನ ಕಡೆ ಇದು ಕಷ್ಟ. ಬೆಳಗಾವಿ ಜಿಲ್ಲೆಯಲ್ಲಿ ನಮ್ಮ ಮನೆಗಳು ಹೆಚ್ಚಿರುವ ಊರುಗಳವರು ಮಾತ್ರ ಇದನ್ನೇ ಮೊದಲು ವಿಚಾರಿಸಬೇಕು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ, ಎಲ್ಲರೂ ಸಿಎಸ್‌ಆರ್ ಎನ್ನುವುದು, ಬೇಗೂರಿನವರಿಗೆ ಒಳ್ಳೆಯ ದಾರಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2 ಖರ್ಚು ಮಾಡಬೇಕು. ಶಿಕ್ಷಣ, ಗ್ರಾಮೀಣ ಕ್ರೀಡಾ ತರಬೇತಿ ಎರಡೂ ಪಟ್ಟಿಯಲ್ಲಿವೆ. ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಬೇಗೂರಿಗೆ ಒಂದು ಕಡೆ ನಂಜನಗೂಡಿನ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಬದನಗುಪ್ಪೆ-ಕೆಲ್ಲಂಬಳ್ಳಿ. ಪತ್ರವನ್ನು ಬೆಂಗಳೂರಿನ ಹೆಡ್ ಆಫೀಸಿಗೆ ಕಳಿಸಿ ಕೂರುವ ಬದಲು ಕಾರ್ಖಾನೆಯ ಎಚ್‌ಆರ್ ವಿಭಾಗಕ್ಕೇ ಮುಖ್ಯೋಪಾಧ್ಯಾಯರ ಜೊತೆ ಹೋಗುವುದು ಮೇಲು. ಟ್ರಸ್ಟಿನ ಮೂಲಕ ಹಣ ಪಡೆಯುವುದಾದರೆ 12ಎ, 80ಜಿ ನೋಂದಣಿ ಮತ್ತು 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನಮೂನೆಯ ನೋಂದಣಿ ಸಂಖ್ಯೆ ಬೇಕು. ನೇರವಾಗಿ ಸರ್ಕಾರಿ ಶಾಲೆಗೇ ಸಲಕರಣೆ ಕೊಡುವವರು ಕೇಂದ್ರದ ವಿದ್ಯಾಂಜಲಿ ಪೋರ್ಟಲ್ ಮೂಲಕವೂ ಕೊಡಬಹುದು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಿಂದ ಗರಡಿ ಮನೆಗೂ ಜಿಮ್ ಸಾಮಗ್ರಿಗೂ ಅನುದಾನ ಬರುವುದುಂಟು, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಮೈದಾನ ಸಮತಟ್ಟು, ಕಾಂಪೌಂಡ್ ಇವುಗಳನ್ನು ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳು ನರೇಗಾದಲ್ಲಿ ಮಾಡಿಸಿಕೊಂಡಿವೆ.

ಇನ್ನು ನಮ್ಮ ದೇಣಿಗೆ. 80ಜಿ ಇರುವ ಟ್ರಸ್ಟಿಗೆ ಕೊಟ್ಟರೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ವಿನಾಯಿತಿಯೇ ಇಲ್ಲ. ಇದನ್ನು ದಾನಿಗಳಿಗೆ ಮೊದಲೇ ಹೇಳಿಬಿಟ್ಟರೆ ಆಮೇಲೆ ಮನಸ್ತಾಪವಿರುವುದಿಲ್ಲ. ವ್ಯಾಪಾರಿಯಾಗಿ ನಾನು ಹೇಳುವುದು, ಟ್ರೆಡ್‌ಮಿಲ್ ಕೊಡಿಸಲು ಹೋಗಬೇಡಿ. ಕರೆಂಟು ಹೋದರೆ ನಿಲ್ಲುತ್ತದೆ, ಬೆಲ್ಟು ಹೋದರೆ ರಿಪೇರಿಯವನು ಮೈಸೂರಿನಿಂದ ಬರಬೇಕು. ಡಂಬೆಲ್ಲು, ಬಾರು, ಬೆಂಚು, ಹತ್ತುವ ಹಗ್ಗ, ದಪ್ಪ ಮ್ಯಾಟು ಇಷ್ಟರಲ್ಲಿ ಮಕ್ಕಳಿಗೆ ಬೇಕಾದ ವ್ಯಾಯಾಮ ಆಗುತ್ತದೆ. ಹೆಸರು ಕೆತ್ತಿಸುವ ಕಲ್ಲಿಗಿಂತ ಮೊದಲು ಸ್ವಲ್ಪ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಎಣ್ಣೆ, ಬಣ್ಣ, ರಿಪೇರಿ ನಡೆಯುವಂತೆ ಮಾಡಿ. ಶಾಸಕರ, ಸಂಸದರ ನಿಧಿ ನಿರ್ವಹಣೆಗೆ ಬರುವುದಿಲ್ಲ. ದೈಹಿಕ ಶಿಕ್ಷಕರಿಲ್ಲದ ಶಾಲೆಯಾದರೆ ಬೀಗದ ಕೈ ಯಾರ ಬಳಿ, ಹೆಣ್ಣುಮಕ್ಕಳ ಸಮಯದಲ್ಲಿ ಯಾವ ಶಿಕ್ಷಕಿ ಇರುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಲಿ.

ಅರ್ಜಿಯ ಜೊತೆ ಶಾಲಾಭಿವೃದ್ಧಿ ಸಮಿತಿಯ ನಿರ್ಣಯದ ಪ್ರತಿ, ಜಾಗದ ದಾಖಲೆ, ಎಂಜಿನಿಯರ್ ಸಹಿಯ ಅಂದಾಜು ಪಟ್ಟಿ, ಗಂಡು-ಹೆಣ್ಣು ಮಕ್ಕಳ ಸಂಖ್ಯೆ, ಗೆದ್ದ ಪ್ರಮಾಣಪತ್ರಗಳ ನಕಲು ಇರಲಿ. ಸರ್ಕಾರಿ ಜಾಗದಲ್ಲಿ ಏನು ಕಟ್ಟುವುದಿದ್ದರೂ ಗುಂಡ್ಲುಪೇಟೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರ ಮೊದಲು. ಕಚೇರಿಯಲ್ಲಿ ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಒಂದೇ ಫೈಲಿನಲ್ಲಿಡಿ. ಮುಂದಿನ ವರ್ಷ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದರೂ ಬಂದವರಿಗೆ ಅದನ್ನು ತೋರಿಸಬಹುದು.