ನೀರಿನ ಮೇಲಣ ಹುಸಿ ಎರೆ

ಚರಿತ್ರೆಯ ಉಪನ್ಯಾಸವೆಂದೊಡನೆ ಅರಸರ ವಂಶಾವಳಿ, ಕಾಳಗದ ವರ್ಷ, ಸಂಧಿಪತ್ರದ ಷರತ್ತು ಇವುಗಳನ್ನೇ ನಿರೀಕ್ಷಿಸಿ ಕುಳಿತಿರುವ ಶ್ರೋತೃಗಳ ಕ್ಷಮೆಯನ್ನು ನಾವು ಮೊದಲೇ ಬೇಡಿಕೊಳ್ಳುತ್ತೇವೆ. ಈ ಹೊತ್ತು ನಾವು ಹೇಳಹೊರಟಿರುವುದು ಗೇಣಿಗಿಂತಲೂ ಚಿಕ್ಕದಾದ ಒಂದು ಮರದ ತುಂಡಿನ ಚರಿತ್ರೆಯನ್ನು. ಈ ತುಂಡು ನೀರಿನ ಮೇಲೆ ತೇಲತಕ್ಕದ್ದು. ಅದಕ್ಕೆ ಬಣ್ಣ ಬಳಿದು, ಕಣ್ಣು ಬರೆದು, ಹೊಟ್ಟೆಯ ಕೆಳಗೆ ಮೂರು ಕವಲಿನ ಗಾಳಗಳನ್ನು ತೂಗಹಾಕಿರುತ್ತಾರೆ. ಅದರಲ್ಲಿ ಮೀನಿಗೆ ತಿನ್ನಲು ಏನೂ ಇಲ್ಲ. ಆದರೂ ಅಮೆರಿಕ ದೇಶದ ಬಾಸ್ ಎಂಬ ಮೀನು ಅದನ್ನು ಕಂಡು ನೀರಿನಿಂದ ಮೇಲಕ್ಕೆ ಹಾರಿ ಬಾಯಿ ಹಾಕುತ್ತದೆ. ಇದನ್ನು ಮೊದಲು ಯಾರು ಕಂಡುಹಿಡಿದರೆಂಬ ಪ್ರಶ್ನೆಗೆ ಆ ದೇಶದಲ್ಲಿ ಸಿದ್ಧವಾದ ಉತ್ತರವೊಂದುಂಟು. ಆ ಉತ್ತರವನ್ನು ನಾವು ಒಪ್ಪಲಾರೆವು.

ಗಾಳವನ್ನು ಕೈಯಲ್ಲಿ ಹಿಡಿದವರು ನಾವಲ್ಲ. ಕೆರೆಯ ಏರಿಯ ಮೇಲೆ ಸಂಜೆ ತಿರುಗಾಡಲು ಹೋದಾಗ, ಬೆಂಡಿನ ಮೇಲೆ ಕಣ್ಣಿಟ್ಟು ಕುಳಿತವರನ್ನು ಕಂಡು ಅವರ ತಾಳ್ಮೆಗೆ ಬೆರಗಾದುದಷ್ಟೇ ನಮ್ಮ ಅನುಭವ. ಹೀಗಿದ್ದರೂ ಈ ವಿಷಯವನ್ನೆತ್ತಿಕೊಳ್ಳಲು ನಮಗೆ ದೊಡ್ಡವರೊಬ್ಬರ ಮೇಲ್ಪಂಕ್ತಿಯಿದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಸುಮಾರು 1130ರಲ್ಲಿ, ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೂ ಒಂದು ಸ್ಥಾನವನ್ನು ಕೊಟ್ಟಿದ್ದಾನೆ. ಯಾವ ಮೀನು ಎಲ್ಲಿ ಸಂಚರಿಸುತ್ತದೆ, ಯಾವುದಕ್ಕೆ ಯಾವ ತಿನಿಸು ಹಿತ, ಅದನ್ನು ಗಾಳದಿಂದ ಹಿಡಿಯುವ ಬಗೆ ಹೇಗೆ ಎಂಬುದನ್ನು ಅರಸನು ಸಾವಧಾನವಾಗಿ ವಿವರಿಸಿದ್ದಾನೆ. ಆದರೆ ಅಲ್ಲಿಯ ಕ್ರಮ ಆತಿಥ್ಯದ ಕ್ರಮ. ಮೀನಿಗೆ ಮೊದಲು ಉಣಿಸಿ, ಒಂದು ಸ್ಥಳಕ್ಕೆ ಅದನ್ನು ರೂಢಿಮಾಡಿಸಿ, ಆಮೇಲೆ ಗಾಳವನ್ನು ಬಿಡುವುದು. ತಿನಿಸೇ ಇಲ್ಲದೆ, ಕೇವಲ ಚಲನೆಯಿಂದಲೇ ಮೀನನ್ನು ಮೋಸಗೊಳಿಸುವುದು ಬೇರೊಂದು ವಿದ್ಯೆ. ನಮ್ಮ ಕಥೆ ಆ ಎರಡನೆಯ ವಿದ್ಯೆಗೆ ಸೇರಿದ್ದು.

ಬಾಸ್ ಮೀನಿನ ಹೆಸರಿನ ಇತಿಹಾಸವೇ ಒಂದು ಪ್ರಹಸನ. 1802ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞನಾದ ಲಾಸೆಪೇಡನ ಮುಂದೆ ಸಣ್ಣಬಾಯಿಯ ಬಾಸ್ ಮೀನೊಂದರ ದೇಹವಿದ್ದಿತು. ಅದರ ಬೆನ್ನಿನ ಈಜುರೆಕ್ಕೆಯ ಹಿಂಭಾಗ ಯಾವುದೋ ಕಾರಣದಿಂದ ಹರಿದುಹೋಗಿ, ಉಳಿದ ಚೂರು ಪ್ರತ್ಯೇಕವಾದ ಪುಟ್ಟ ರೆಕ್ಕೆಯಂತೆ ಕಾಣುತ್ತಿದ್ದಿತು. ಪಂಡಿತನು ಆ ಗಾಯವನ್ನೇ ಜಾತಿಯ ಲಕ್ಷಣವೆಂದು ತಿಳಿದು ‘ಮೈಕ್ರಾಪ್ಟೆರಸ್’ ಎಂದರೆ ‘ಕಿರುರೆಕ್ಕೆಯದು’ ಎಂದು ಹೆಸರಿಟ್ಟನು. ಖನಿಜಶಾಸ್ತ್ರಜ್ಞನಾದ ತನ್ನ ಮಿತ್ರ ಡೊಲೊಮ್ಯೂವಿನ ಹೆಸರನ್ನೂ ಅದಕ್ಕೆ ಜೋಡಿಸಿದನು. ಅದೇ ವರ್ಷ ದೊಡ್ಡಬಾಯಿಯ ಬಾಸಿಗೆ, ಕೆರೊಲಿನ ಪ್ರಾಂತದಿಂದ ಬಂದ ಚಿತ್ರವೊಂದರ ಆಧಾರದ ಮೇಲೆ, ‘ಸಾಲ್ಮಾಯ್ಡಿಸ್’ ಎಂದರೆ ಸಾಲ್ಮನ್ ಮೀನನ್ನು ಹೋಲುವುದೆಂಬ ಹೆಸರು ಬಿದ್ದಿತು. ಅಲ್ಲಿಯ ವಲಸೆಗಾರರು ಅದನ್ನು ತಮ್ಮ ತಾಯ್ನಾಡಿನ ಟ್ರೌಟ್ ಮೀನೆಂದು ಕರೆಯುತ್ತಿದ್ದುದೇ ಇದಕ್ಕೆ ಕಾರಣ. ಟ್ರೌಟಿಗೂ ಇದಕ್ಕೂ ನಂಟಿಲ್ಲ. 2022ರಲ್ಲಿ ವಂಶಧಾತುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಫ್ಲಾರಿಡದ ಬಾಸ್ ಬೇರೆ, ಉತ್ತರದ ದೊಡ್ಡಬಾಯಿಯ ಬಾಸ್ ಬೇರೆ ಎಂದು ನಿರ್ಣಯಿಸಿ, ಹಳೆಯ ಹೆಸರನ್ನು ಫ್ಲಾರಿಡದ ಮೀನಿಗೆ ಒಪ್ಪಿಸಿದರು. ಹರಿದ ರೆಕ್ಕೆಯ ಹೆಸರು ಮಾತ್ರ ಎರಡಕ್ಕೂ ಅಂಟಿಕೊಂಡೇ ಇದೆ.

ಈ ಮೀನು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದು ಕಡಮೆ. ಜೊಂಡಿನ ನೆರಳಿನಲ್ಲಿ, ತಾವರೆಯಂಥ ಎಲೆಗಳ ಅಡಿಯಲ್ಲಿ, ಬಿದ್ದ ಮರದ ಮಗ್ಗುಲಲ್ಲಿ ಅಲುಗದೆ ನಿಂತಿರುತ್ತದೆ. ತಲೆಯ ಮೇಲೆ ಕಪ್ಪೆಯೋ ಕೊಡತಿಕೀಟವೋ ನೀರನ್ನು ಕಲಕಿದರೆ, ಆ ಅಲುಗಾಟವನ್ನು ಮೈಯ ಪಕ್ಕದ ಸೂಕ್ಷ್ಮವಾದ ಇಂದ್ರಿಯರೇಖೆಯಿಂದ ಅರಿತು, ಕೆಳಗಿನಿಂದ ನುಗ್ಗಿ, ಬಾಯಿಯನ್ನು ಒಮ್ಮೆಲೇ ಅಗಲಿಸುತ್ತದೆ. ನೀರಿನೊಡನೆ ಬೇಟೆಯೂ ಒಳಕ್ಕೆ ಸೆಳೆದುಹೋಗುತ್ತದೆ. ಬೆಚ್ಚಗಿನ ತಿಂಗಳುಗಳಲ್ಲಿ, ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ, ಗಾಳಿಯಿಲ್ಲದ ನೀರಿನ ಮೇಲೆ ಇದು ವಿಶೇಷವಾಗಿ ನಡೆಯುತ್ತದೆ.

ಈ ಸ್ವಭಾವವನ್ನು ಮನುಷ್ಯನು ಅರಿತುಕೊಂಡದ್ದಕ್ಕೆ ನಮಗೆ ಸಿಕ್ಕುವ ಅತ್ಯುತ್ತಮವಾದ ಹಳೆಯ ಸಾಕ್ಷ್ಯ ವಿಲಿಯಂ ಬಾರ್ಟ್ರಾಮನದು. ಫಿಲಡೆಲ್ಫಿಯದ ಈ ಸಸ್ಯಶಾಸ್ತ್ರಜ್ಞನು 1773ರಿಂದ 1777ರ ವರೆಗೆ ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸಿದನು. 1774ರಲ್ಲಿ ಫ್ಲಾರಿಡದಲ್ಲಿದ್ದಾಗ ಸೆಮಿನೋಲ್ ಜನರ ಮುಖಂಡನು ಇವನಿಗೆ ‘ಹೂವಿನ ಬೇಟೆಗಾರ’ನೆಂಬ ಅರ್ಥದ ಹೆಸರನ್ನಿಟ್ಟನು. 1791ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬಾಸನ್ನು, ಅವನ ಮಾತಿನಲ್ಲಿ ಟ್ರೌಟನ್ನು, ಹಿಡಿಯುವ ರೀತಿಯ ವರ್ಣನೆಯಿದೆ. ಅದರ ಸಾರವಿಷ್ಟು. ಚಿಕ್ಕದೊಂದು ದೋಣಿ, ಅದರಲ್ಲಿ ಇಬ್ಬರು. ಹಿಂದೆ ಕುಳಿತವನು ಸದ್ದಿಲ್ಲದೆ ಹುಟ್ಟುಹಾಕುತ್ತ, ದಡದ ಜೊಂಡಿಗೆ ಸಮಾನಾಂತರವಾಗಿ, ಕೋಲಿನ ತುದಿ ಜೊಂಡಿನ ಅಂಚಿಗೆ ಎಟುಕುವಷ್ಟೇ ದೂರದಲ್ಲಿ ದೋಣಿಯನ್ನು ನಡೆಸುತ್ತಾನೆ. ಮುಂದಿನವನ ಕೈಯಲ್ಲಿ ಹತ್ತು ಹನ್ನೆರಡು ಅಡಿಯ ಕೋಲು. ಅದರ ತುದಿಗೆ ಕಟ್ಟಿದ ದಾರವಾದರೋ ಸುಮಾರು ಇಪ್ಪತ್ತೇ ಅಂಗುಲ. ದಾರದ ಕೊನೆಯಲ್ಲಿ ಬೆನ್ನಿಗೆ ಬೆನ್ನು ಸೇರಿಸಿದ ಮೂರು ದೊಡ್ಡ ಗಾಳಗಳು. ಅವು ಕಾಣದಂತೆ ಜಿಂಕೆಯ ಬಾಲದ ಬಿಳಿಯ ಕೂದಲು, ಕೆಂಪು ಕಾಲ್ಪಟ್ಟಿಯ ಚಿಂದಿ, ಬಣ್ಣಬಣ್ಣದ ಗರಿ ಇವುಗಳನ್ನು ಸುತ್ತಿ ಮಾಡಿದ, ಮುಷ್ಟಿಗಾತ್ರದ ಒಂದು ಕುಚ್ಚು. ಈ ಕುಚ್ಚಿಗೆ ‘ಬಾಬ್’ ಎಂದು ಹೆಸರು. ಅದನ್ನು ನೀರಿನ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗುತ್ತ, ಆಗಾಗ ನೀರಿಗೆ ತಾಗಿಯೂ ತಾಗದಂತೆ ಸೋಕಿಸಿದರೆ, ಜೊಂಡಿನ ಕೆಳಗಿನಿಂದ ಮೀನು ಚಿಮ್ಮಿ ಬಂದು ಕಚ್ಚುತ್ತದೆ. ಬಳಿಕ ಏನು ಮಾಡಬೇಕೆಂಬುದನ್ನೂ ಬಾರ್ಟ್ರಾಮನು ಬಿಟ್ಟಿಲ್ಲ. ಪಳಗಿದವನು ಕೋಲನ್ನು ತಟ್ಟನೆ ಮೇಲಕ್ಕೆತ್ತುವುದಿಲ್ಲ, ಎತ್ತಿದರೆ ಕೋಲೋ ದಾರವೋ ಮುರಿದುಹೋಗುವ ಭಯ; ಅವನು ಹಿಂದಕ್ಕೆ ಜಗ್ಗಿ, ಒಲ್ಲದ ಮೀನನ್ನು ಒಂದೇ ಸಮನಾಗಿ ದೋಣಿಯ ಬಳಿಗೆ ಎಳೆದು, ಕೊನೆಯಲ್ಲಿ ಒಮ್ಮೆ ಎತ್ತಿ ಒಳಕ್ಕೆ ಹಾಕಿಕೊಳ್ಳುತ್ತಾನೆ.

ಶ್ರೋತೃಗಳು ಗಮನಿಸಬೇಕು: ಮೇಲ್ನೀರಿನ ಹುಸಿ ಎರೆಯ ತತ್ತ್ವವೆಲ್ಲ ಇಲ್ಲಿದೆ. ತಿನಿಸಿಲ್ಲದ ಗಾಳ, ಜೊಂಡಿನ ಅಂಚು, ನಿಶ್ಶಬ್ದವಾದ ಸಮೀಪನ, ನೀರಿನ ಮೇಲ್ಮೈಯ ಕಲಕು, ಅವಸರಪಡದ ಎಳೆತ. ಇದು ಒಂದು ದಿನದಲ್ಲಿ ಹುಟ್ಟಿದ ವಿದ್ಯೆಯಲ್ಲ. ತಲೆಮಾರುಗಳ ಅಭ್ಯಾಸದಿಂದ ತಿದ್ದಿ ತೀಡಿದ್ದು. ಆ ಇಬ್ಬರು ಯಾರು? ಗ್ರಂಥದಲ್ಲಿ ಅವರಿಗೆ ಹೆಸರಿಲ್ಲ. ಮೂಲನಿವಾಸಿಗಳೆಂದು ಹಿಂದಿನಿಂದ ಬಂದ ಲೇಖಕರು ಸಾಮಾನ್ಯವಾಗಿ ಹೇಳುತ್ತಾರೆ. ಕುಚ್ಚಿನ ಸಾಮಗ್ರಿಯನ್ನು ನೋಡಿದರೆ ನಮಗೂ ಹಾಗೆಯೇ ತೋರುತ್ತದೆ. ಜಿಂಕೆಯ ಬಾಲವೂ ಕೆಂಪು ಪಟ್ಟಿಯೂ ಒಂದೆಡೆ ಸೇರುವುದು ಜಿಂಕೆಯ ಚರ್ಮದ ವ್ಯಾಪಾರ ನಡೆಯುತ್ತಿದ್ದ, ಬಿಳಿಯ ವರ್ತಕನೂ ಮೂಲನಿವಾಸಿಯೂ ಕೂಡಿ ಬಾಳುತ್ತಿದ್ದ ಆ ಅಂಗಡಿಗಳ ಪರಿಸರದಲ್ಲಿಯೇ. ಆ ಪರಿಸರ ಉಳಿಯಲಿಲ್ಲ. 1835ರಿಂದ 1842ರ ವರೆಗೆ ನಡೆದ ಯುದ್ಧದಲ್ಲಿ ಸೆಮಿನೋಲರಲ್ಲಿ ಬಹುಮಂದಿಯನ್ನು ಹಿಡಿದು ಮಿಸಿಸಿಪಿ ನದಿಯ ಆಚೆಗೆ ಅಟ್ಟಿಬಿಟ್ಟರು. ಕೆಲವರು ಮಾತ್ರ ದಕ್ಷಿಣದ ಜವುಗುನೆಲದಲ್ಲಿ ತಲೆಮರೆಸಿಕೊಂಡು ಉಳಿದರು. ‘ಇದು ನಮ್ಮದು’ ಎಂದು ಹೇಳಿಕೊಳ್ಳತಕ್ಕವರು ಆ ನದಿಯ ದಡದಲ್ಲಿ ಇಲ್ಲವಾದ ಮೇಲೆ, ಬೇರೆಯವರು ಹೇಳಿಕೊಳ್ಳಲು ಅಡ್ಡಿಯೇನು?

ನಡುವಣ ಸಂಗತಿಗಳನ್ನು ಬೇಗ ದಾಟೋಣ. ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಗಡಿಯಾರದ ಕೆಲಸಗಾರ ಜಾರ್ಜ್ ಸ್ನೈಡರನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಹಿಡಿಯನ್ನು ಒಂದು ಸಲ ತಿರುಗಿಸಿದರೆ ದಾರದ ಉರುಳೆ ಹಲವು ಸಲ ಸುತ್ತುವ ಹಲ್ಲುಚಕ್ರದ ರಾಟೆಯನ್ನು ಮಾಡಿದನು. ಇದರಿಂದ ಎರೆಯನ್ನು ದೂರಕ್ಕೆ ಎಸೆದು ಬೇಗ ಸೆಳೆದುಕೊಳ್ಳುವುದು ಸಾಧ್ಯವಾಯಿತು; ಇಪ್ಪತ್ತು ಅಂಗುಲದ ದಾರ ನೂರು ಅಡಿಯಾಯಿತು. 1854ರಲ್ಲಿ ಶ್ರೈವರ್ ಎಂಬುವನು ರೈಲಿನ ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ, ತೂತು ಕೊರೆದ ಬಕೆಟ್ಟಿನೊಳಗೆ ಬಾಸ್ ಮೀನುಗಳನ್ನಿಟ್ಟು ಬೆಟ್ಟಗಳನ್ನು ದಾಟಿಸಿ ಪೊಟೋಮ್ಯಾಕ್ ನದಿಯ ಸೀಮೆಗೆ ತಂದುಬಿಟ್ಟನು. ಉಗಿಯಂತ್ರ ಮೀನುಗಳನ್ನೂ ಪ್ರಯಾಣಿಕರನ್ನಾಗಿ ಮಾಡಿತು. 1881ರಲ್ಲಿ ವೈದ್ಯನಾದ ಹೆನ್‌ಷಾಲನು ಬಾಸಿಗಾಗಿಯೇ ಒಂದು ದೊಡ್ಡ ಗ್ರಂಥವನ್ನು ಬರೆದು, ಟ್ರೌಟ್ ಒಂದೇ ಸಭ್ಯರ ಮೀನೆಂಬ ಆಂಗ್ಲ ಅಭಿಮಾನಕ್ಕೆ ಪ್ರತಿಯಾಗಿ ಇದರ ಪರ ವಕಾಲತ್ತು ವಹಿಸಿದನು.

ಇನ್ನು ಆ ಸಿದ್ಧವಾದ ಉತ್ತರ. ಮಿಷಿಗನ್ ಸಂಸ್ಥಾನದ ಡೌಜಿಯಾಕ್ ಪಟ್ಟಣದಲ್ಲಿ ಜೇಮ್ಸ್ ಹೆಡ್ಡನ್ ಎಂಬ ಪ್ರಸಿದ್ಧ ಜೇನುಸಾಕಣೆಗಾರನಿದ್ದನು. ಜೇನುಗೂಡಿನ ಪೆಟ್ಟಿಗೆಯ ವಿಷಯದಲ್ಲಿಯೂ ಹೊಸ ಯುಕ್ತಿಗಳನ್ನು ಹೂಡಿ ಪುಸ್ತಕ ಬರೆದವನು. ಸುಮಾರು 1898ರಲ್ಲಿ ಒಂದು ದಿನ ಗಿರಣಿಯ ಕೊಳದ ದಡದಲ್ಲಿ ಸ್ನೇಹಿತನಿಗಾಗಿ ಕಾಯುತ್ತ ಒಂದು ಮರದ ತುಂಡನ್ನು ಚಾಕುವಿನಿಂದ ಹೆರೆಯುತ್ತಿದ್ದನಂತೆ. ಏಳುವಾಗ ಅದನ್ನು ನೀರಿಗೆ ಎಸೆದನಂತೆ. ಬಾಸೊಂದು ಮೇಲಕ್ಕೆ ಹಾರಿ ಅದಕ್ಕೆ ಹೊಡೆಯಿತಂತೆ. ಅಲ್ಲಿಂದ ತೇಲುವ ಮರದ ಎರೆ ಹುಟ್ಟಿತು, 1902ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು, ಮನೆಯ ಕೆಲಸ ಕಾರ್ಖಾನೆಯಾಗಿ ಬೆಳೆಯಿತು.

ಈ ಕಥೆ ಸುಳ್ಳೆಂದು ನಾವು ಹೇಳುವುದಿಲ್ಲ. ಬಾಸ್ ಮೀನು ಚಕ್ಕೆಗೆ ಹೊಡೆಯಬಲ್ಲದು. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಎರಡು ಶಂಕೆಗಳು. ಮೊದಲನೆಯದು, ಇದೇ ಎರಕದ ಇನ್ನೊಂದು ಕಥೆ ಆಗಲೇ ಪ್ರಚಾರದಲ್ಲಿದ್ದಿತು. ಲೋಹದ ಚಮಚೆಯಾಕಾರದ ಎರೆಗೆ 1852ರಲ್ಲಿ ಪೇಟೆಂಟು ಪಡೆದ ಜೂಲಿಯೊ ಬ್ಯೂಯಲನು, ದೋಣಿಯಲ್ಲಿ ಊಟ ಮಾಡುತ್ತಿದ್ದಾಗ ಚಮಚೆಯನ್ನು ಕೈಜಾರಿ ನೀರಿಗೆ ಬೀಳಿಸಿದನಂತೆ. ಮುಳುಗುತ್ತಿದ್ದ ಚಮಚೆಯನ್ನು ಮೀನು ಬಂದು ಹಿಡಿಯಿತಂತೆ. ಕೈಯಿಂದ ಜಾರಿದ್ದು ಚಮಚೆಯೋ ಚಕ್ಕೆಯೋ, ಮೀನು ಮಾತ್ರ ಎರಡು ಕಡೆಯೂ ಸರಿಯಾದ ವೇಳೆಗೆ ಹಾಜರು! ಎರಡನೆಯ ಶಂಕೆ ಇನ್ನೂ ಗಟ್ಟಿಯಾದದ್ದು. ನ್ಯೂಯಾರ್ಕ್ ಸಂಸ್ಥಾನದ ಹ್ಯಾರಿ ಕಾಮ್‌ಸ್ಟಾಕನು ಮರದ ಮೈಯುಳ್ಳ ಎರೆಗೆ ಪೇಟೆಂಟು ಪಡೆದದ್ದು 1883ರಲ್ಲಿ, ಎಂದರೆ ಹೆಡ್ಡನನಿಗಿಂತ ಹತ್ತೊಂಬತ್ತು ವರ್ಷ ಮೊದಲು. ಹೆಡ್ಡನನ ಜಾಣತನವನ್ನು ನಾವು ಕಡಮೆಮಾಡುತ್ತಿಲ್ಲ. ಅವನು ಎರೆಯ ಕತ್ತಿಗೆ ಲೋಹದ ಪಟ್ಟಿ ತೊಡಿಸಿ ಅದು ನೀರನ್ನು ಸಿಡಿಸುವಂತೆ ಮಾಡಿದನು, ರಾಟೆಯಿಂದ ಎಸೆಯಲು ತಕ್ಕ ತೂಕವನ್ನು ಕೊಟ್ಟನು, ಅಂಗಡಿಗಳಿಗೆ ಮುಟ್ಟಿಸಿದನು. ಇದು ದೊಡ್ಡ ಕೆಲಸವೇ. ಆದರೆ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಮ್ಮ ಹುಡುಗರು ‘ಇಂಥವನು ಇಂಥ ದಿನ ಕಂಡುಹಿಡಿದನು’ ಎಂದು ಒಂದೇ ಗೆರೆಯಲ್ಲಿ ಬರೆದು ಮುಗಿಸುವಂತೆ, ಆ ಕೊಳದ ದಡದಲ್ಲಿಯೇ ಚರಿತ್ರೆಯನ್ನು ಆರಂಭಿಸಿದರೆ, ದೋಣಿಯಲ್ಲಿದ್ದ ಆ ಇಬ್ಬರನ್ನು ಎರಡನೆಯ ಸಲ ಹೊರಕ್ಕೆ ಅಟ್ಟಿದಂತಾಗುತ್ತದೆ.

ಮುಂದಿನ ಅರ್ಧ ಶತಮಾನದಲ್ಲಿ ಮರದ ತುಂಡಿಗೆ ನಾನಾ ನಡಿಗೆಗಳನ್ನು ಕಲಿಸಿದರು. ಹೆಡ್ಡನ್ ಕಾರ್ಖಾನೆಯದೇ ಆದ ಚುಟ್ಟದ ಆಕಾರದ ಎರೆಯೊಂದಕ್ಕೆ ಫ್ಲಾರಿಡದ ಪೆನ್ಸಕೋಲ ಬಂದರಿನ ಬೀದಿಯೊಂದರ ಹೆಸರು ಬಂದಿತೆನ್ನುತ್ತಾರೆ. ಎರೆಯ ಒಯ್ಯಾರದ ನಡಿಗೆ ಆ ಬೀದಿಯ ಹೆಂಗಸರನ್ನು ನೆನಪಿಗೆ ತಂದಿತಂತೆ. ಹೆಚ್ಚಿನ ವಿವರ ಆಕಾಶವಾಣಿಗೆ ಬೇಡ. 1939ರಲ್ಲಿ ಅದು ಪ್ಲಾಸ್ಟಿಕ್ಕಿನಲ್ಲಿ ‘ಝಾರಾ ಸ್ಪೂಕ್’ ಎಂಬ ಹೆಸರಿನಿಂದ ಹೊರಬಂದಿತು. ಅದಕ್ಕೆ ತನ್ನದೇ ಆದ ಚಲನೆ ಏನೂ ಇಲ್ಲ; ಎಲ್ಲವೂ ಕೈಯಲ್ಲಿದೆ. ಕೋಲಿನ ತುದಿಯನ್ನು ನೀರಿನ ಕಡೆಗೆ ತಗ್ಗಿಸಿ ಮಣಿಕಟ್ಟಿನಿಂದ ಒಂದು ಸಣ್ಣ ಜಗ್ಗು ಕೊಟ್ಟು, ಕೂಡಲೇ ದಾರವನ್ನು ಸಡಿಲಬಿಡಬೇಕು. ಎರೆಯ ಮೂತಿ ಬಲಕ್ಕೆ ತಿರುಗುತ್ತದೆ. ಮತ್ತೊಂದು ಜಗ್ಗು, ಮತ್ತೆ ಸಡಿಲ, ಎಡಕ್ಕೆ ತಿರುಗುತ್ತದೆ. ಸಡಿಲಬಿಡದೆ ಎಳೆದರೆ ಅದು ಕಟ್ಟಿಗೆಯಂತೆ ನೆಟ್ಟಗೆ ಬಂದುಬಿಡುತ್ತದೆ. ಬಾಯಿಯನ್ನು ಗುಳಿಯಾಗಿ ತೋಡಿದ ಇನ್ನೊಂದು ಜಾತಿಯುಂಟು. ಅದನ್ನು ಜಗ್ಗಿದರೆ ಗುಳುಕ್ಕೆಂದು ನೀರನ್ನು ಉಗುಳುತ್ತದೆ. ಉಗುಳಿದ ಮೇಲೆ ಅಲೆಯ ಬಳೆಗಳು ಅಡಗುವ ವರೆಗೂ ಸುಮ್ಮನಿರಬೇಕೆಂಬುದು ಬಲ್ಲವರ ಮಾತು. ಆ ಮೌನದಲ್ಲಿಯೇ ಬಹುಪಾಲು ಮೀನುಗಳು ಮೋಸಹೋಗುತ್ತವೆ. ನೀರು ಸಿಡಿದುದನ್ನು ಕಂಡಕೂಡಲೇ ಗಾಬರಿಯಿಂದ ಎಳೆದವನಿಗೆ ಬರಿಯ ಎರೆ ಹಿಂದಿರುಗುತ್ತದೆ. ಮೀನಿನ ಭಾರ ಕೈಗೆ ತಿಳಿದ ಮೇಲೆ ಎಳೆಯಬೇಕು.

ಮೀನೂ ಎರೆಯೂ ಸಮುದ್ರವನ್ನು ದಾಟಿದುವು. 1925ರಲ್ಲಿ ಜಪಾನಿನ ಆಷಿ ಸರೋವರಕ್ಕೆ ಬಿಟ್ಟ ಬಾಸ್ ಕ್ರಮೇಣ ಆ ದೇಶದ ನೀರುಗಳಲ್ಲೆಲ್ಲ ಹಬ್ಬಿ ಸ್ಥಳೀಯ ಮೀನುಗಳನ್ನು ತಿನ್ನತೊಡಗಿತು. ಬಿವಾ ಸರೋವರದ ಪ್ರಾಂತದವರು 2003ರಿಂದ, ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡಕೂಡದೆಂದು ಕಟ್ಟಳೆ ಮಾಡಿದರು. 1932ರಲ್ಲಿ ಜಾರ್ಜಿಯದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡು 4 ಔನ್ಸಿನ ಬಾಸಿಗೆ ಸರಿದೂಗುವ ಮೀನು 2009ರಲ್ಲಿ ದೊರೆತದ್ದು ಆ ಬಿವಾ ಸರೋವರದಲ್ಲಿಯೇ.

ಕೊನೆಯದಾಗಿ ಒಂದು ಯುದ್ಧಕಾಲದ ಸಂಗತಿ. ಒಹಾಯೊ ಸಂಸ್ಥಾನದ ಆಕ್ರನ್ ನಗರದ ಫ್ರೆಡ್ ಆರ್ಬೊಗಾಸ್ಟನು 1938ರ ಸುಮಾರಿನಲ್ಲಿ ‘ಜಿಟರ್‌ಬಗ್’ ಎಂಬ ಎರೆಯನ್ನು ಹೊರತಂದನು. ಆ ಕಾಲದ ಯುವಜನರ ಕುಣಿತವೊಂದರ ಹೆಸರದು. ಮುಂದೆ ಅಗಲವಾದ ಲೋಹದ ತುಟಿ. ಸುಮ್ಮನೆ ಒಂದೇ ಸಮನಾಗಿ ಎಳೆದರೆ ಸಾಕು, ಬಾತುಕೋಳಿಯಂತೆ ಓಲಾಡುತ್ತ ‘ಪ್ಲಪ್ ಪ್ಲಪ್’ ಎಂದು ಸದ್ದು ಮಾಡುತ್ತ ಬರುತ್ತದೆ. ಆದಕಾರಣ ಕಣ್ಣು ಕಾಣದ ಕತ್ತಲೆಯಲ್ಲಿಯೂ ಕಿವಿಯಿಂದಲೇ ಅದನ್ನು ನಡೆಸಬಹುದು. ಎರಡನೆಯ ಮಹಾಯುದ್ಧದಲ್ಲಿ ಲೋಹವೆಲ್ಲ ಶಸ್ತ್ರಾಸ್ತ್ರಗಳಿಗೆ ಮೀಸಲಾದಾಗ ಆ ತುಟಿಯನ್ನು ಪ್ಲಾಸ್ಟಿಕ್ಕಿನಿಂದ ಮಾಡಬೇಕಾಯಿತು. ಯುದ್ಧ ಮುಗಿದ ಮೇಲೆ ಲೋಹದ ತುಟಿ ಮರಳಿ ಬಂದಿತು. ಪ್ಲಾಸ್ಟಿಕ್ ತುಟಿಯವುಗಳನ್ನು ಸಂಗ್ರಹಕಾರರು ಹುಡುಕಿ ಕೊಂಡು ಗಾಜಿನ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಅವುಗಳನ್ನು ನೀರಿಗೆ ಹಾಕುವವರು ವಿರಳ.